ಹದಿನಾರೂವರೆ ಅಡಿ

ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಆಪರೇಟರು ವಿಡಿಯೊ ಗೇಮ್ ಅಂಗಡಿಯ ಕೌಂಟರಿಗೆ ಮೊಣಕೈ ಊರಿ, ಒಂದು ಪ್ಲಾಸ್ಟಿಕ್ ಡಬ್ಬಿಯ ಬೆನ್ನನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದರು. ಪಕ್ಕದ ಬೀದಿಯ ಕನ್ನಡಕದಂಗಡಿಯಲ್ಲಿ ಹನ್ನೊಂದಕ್ಕೆ ಅವರ ಕೆಲಸ ಶುರು; ಭೂತಗನ್ನಡಿ ಅಲ್ಲಿಯದು. ಆಪರೇಟರು ಎಂದು ಜನ ಈಗಲೂ ಕರೆಯುತ್ತಿದ್ದರಾದರೂ ಅವರು ಟಾಕೀಸಿನ ಯಂತ್ರ ನಡೆಸುವುದು ನಿಂತು ಹನ್ನೆರಡು ವರ್ಷವಾಗಿತ್ತು. ಟಾಕೀಸು ಈಗ ಕುರ್ಚಿ ಮಂಚಗಳ ಗೋದಾಮು.

"ಏನ್ ಅಂಕಲ್, ಪರೀಕ್ಷೆಗೆ ಓದ್ತಿದ್ದೀರಾ?" ಎಂದಳು ಅಂಗಡಿಯವಳು.

"ಇದರೊಳಗೆ ಯಾರ್ಯಾರಿದ್ದಾರೆ ಅಂತ ಹೇಗಮ್ಮ ಗೊತ್ತಾಗೋದು?"

"ಹೀರೋ ಇದ್ದಾನೆ, ವಿಲನ್ ಇದ್ದಾನೆ, ರೈಲಿದೆ. ಇನ್ನೂ ಯಾರು ಬೇಕು?"

"ಪ್ಲಾಟ್‌ಫಾರ್ಮಲ್ಲಿ ಕೈಗಾಡಿ ತಳ್ಳೋನು."

ಅಂಗಡಿಯವಳು ಏಳು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತವಳು. ಇಂಥ ಪ್ರಶ್ನೆ ಅವಳಿಗೆ ಹೊಸದು. "ನೋಡಿ ಅಂಕಲ್, ನಿಮ್ಮ ವಯಸ್ಸಿನೋರಿಗೆ ನಾನು ಸುಳ್ಳು ಹೇಳಬಾರದು. ಸಿನಿಮಾ ಹೆಸರಲ್ಲಿ ಬರೋ ಗೇಮು ಹತ್ತರಲ್ಲಿ ಎಂಟು ಬರೀ ಹೊಟ್ಟು. ಪೋಸ್ಟರ್ ನೋಡಿ ಕುಣ್ಕೊಂಡು ತಗೊಂಡ್ ಹೋಗ್ತಾರೆ, ಮೂರನೇ ದಿನ ಮುಖ ಊದಿಸ್ಕೊಂಡು ವಾಪಸ್ ತರ್ತಾರೆ. ಅಲ್ಲಿ ನೋಡಿ."

ಗೋಡೆಯ ಮೇಲೊಂದು ಬಿಳಿ ಹಲಗೆ. ಕೊಂಡವರು ತಮ್ಮ ಆಟಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಟ್ಟರು ಎಂಬುದನ್ನು ಅವಳು ಅದರ ಮೇಲೆ ಬರೆಯುತ್ತಿದ್ದಳು. ಈ ರೈಲಿನ ಸಿನಿಮಾದ ಆಟದ ಎದುರು ೩, ೪, ೨, ೯ ಎಂದಿತ್ತು.

"ಒಂಬತ್ತು ಕೊಟ್ಟೋರು ಯಾರು?"

"ಅವರು ಆ ಹೀರೋ ಅಭಿಮಾನಿ. ಡಬ್ಬಿ ಒಡೆಯೋಕ್ ಮುಂಚೇನೇ ಕೊಟ್ಟುಬಿಟ್ರು."

ಆಪರೇಟರು ಮತ್ತೆ ಡಬ್ಬಿಯ ಮೇಲೆ ಬಾಗಿದರು. ಬೆರಳುಗುರಿನಷ್ಟು ಚಿತ್ರದಲ್ಲಿ ರೈಲ್ವೆ ಪ್ಲಾಟ್‌ಫಾರ್ಮು, ಒಂದು ಕಂಬ, ಒಂದು ಗಡಿಯಾರ, ಗಡಿಯಾರದ ಕೆಳಗೆ ಒಂದು ಕೈಗಾಡಿ. ಗಾಡಿಯ ಹಿಂದೆ ಮನುಷ್ಯನಿದ್ದಾನೋ ಅದು ಕಂಬದ ನೆರಳೋ ಹೇಳಲಾಗದು. ಚಿತ್ರದ ಕೆಳಗೆ, ಸಿನಿಮಾದ ಮೂಲ ನೆಗೆಟಿವ್ ನೋಡಿ ತಯಾರಿಸಿದ್ದು, ಕೈಬಿಟ್ಟ ದೃಶ್ಯಗಳೂ ಸೇರಿವೆ ಎಂದು ಬರೆದಿತ್ತು. ಅವರು ಆ ಸಾಲನ್ನು ಮೂರು ಸಲ ಓದಿದರು.

"ಏಳು ದಿನದೊಳಗೆ ತಂದ್ರೆ ವಾಪಸ್ ತಗೊಳ್ತೀನಿ," ಎಂದಳು ಅವಳು, ಕನಿಕರದಿಂದ.

ಅವರು ಕೊಂಡರು. ಕೈಗಾಡಿಯವನು ಅದರೊಳಗೆ ಇರಲಿ ಎಂದು ತಮಗೆ ಆಸೆಯೋ ಇರದಿರಲಿ ಎಂದು ಆಸೆಯೋ, ಕನ್ನಡಕದಂಗಡಿ ತಲುಪುವವರೆಗೂ ಅವರಿಗೆ ಬಗೆಹರಿಯಲಿಲ್ಲ.

ಮೂವತ್ತಾರು ವರ್ಷದ ಹಿಂದೆ ಆ ಸಿನಿಮಾ ಅವರ ಟಾಕೀಸಿಗೆ ಬಂದಾಗ ಅವರಿಗೆ ಇಪ್ಪತ್ತೇಳು. ಈಗ ಹೆಂಡತಿಯಾಗಿರುವವಳು ಆಗ ಕೆಳಗೆ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದಳು. ಅವಳ ಅಣ್ಣ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವವನು. ಚಿತ್ರದವರು ಸ್ಟೇಷನ್ನಿಗೆ ಶೂಟಿಂಗಿಗೆ ಬಂದಿದ್ದಾಗ ಅವನ ಕೈಗೊಂದು ಗಾಡಿ ಕೊಟ್ಟು, ಕಂಬದಿಂದ ಗಡಿಯಾರದವರೆಗೆ ತಳ್ಳಿಸಿದ್ದರು. ಅವನು ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದು, ಬೀದಿಯವರಿಂದ ಸ್ಟಾರ್ ಎಂಬ ಅಡ್ಡಹೆಸರು ಪಡೆದಿದ್ದ.

ಎರಡನೆಯ ದಿನದ ಆಟದಲ್ಲಿ ಕ್ಯಾಬಿನ್ನಿನ ಕಿಂಡಿಯಿಂದ ನೋಡುತ್ತಿದ್ದ ಆಪರೇಟರು ಅವನನ್ನು ಗುರುತಿಸಿದರು. ಮೊದಲು ಗುರುತು ಹತ್ತಿದ್ದು ನಡಿಗೆ. ವರ್ಷಗಟ್ಟಲೆ ಮೂಟೆ ಹೊತ್ತವನಾದ್ದರಿಂದ ಪ್ರತಿ ನಾಲ್ಕನೆಯ ಹೆಜ್ಜೆಗೆ ಅವನ ಬಲಭುಜ ಒಮ್ಮೆ ಮೇಲೆದ್ದು ಕೂರುತ್ತಿತ್ತು, ಇಲ್ಲದ ಮೂಟೆಯನ್ನು ಸರಿಪಡಿಸಿಕೊಂಡಂತೆ. ಕಂಬದಿಂದ ಗಡಿಯಾರಕ್ಕೆ ಹನ್ನೊಂದು ಸೆಕೆಂಡು.

ಮೂರನೆಯ ದಿನ, ಆ ದೃಶ್ಯಕ್ಕೆ ಇನ್ನು ಮೂರು ನಿಮಿಷವಿದೆ ಎನ್ನುವಾಗ, ಅವರು ಯಂತ್ರವನ್ನು ಓಡಲು ಬಿಟ್ಟು ಇಪ್ಪತ್ತೆರಡು ಮೆಟ್ಟಿಲು ಇಳಿದು ಹೋದರು. ಟಿಕೆಟ್ ಹುಡುಗಿಗೆ, "ಬನ್ನಿ, ಮೇಲೆ ಒಂದು ತೋರಿಸ್ತೀನಿ," ಎಂದರು. ಏನೆಂದು ಹೇಳಲಿಲ್ಲ, ಅವಳ ಮುಖ ಅರಳುವುದನ್ನು ಹತ್ತಿರದಿಂದ ನೋಡಬೇಕೆಂಬ ಆಸೆ. ಅವರಿಬ್ಬರೂ ಮೇಲೆ ಬರುವಷ್ಟರಲ್ಲಿ ಓಡಿ ಮುಗಿದ ಫಿಲಂ ಸುತ್ತಿಕೊಳ್ಳುವ ಕೆಳಗಿನ ರೀಲು ಸಿಕ್ಕಿಕೊಂಡು, ಫಿಲಂ ನೆಲದ ಮೇಲೆ ರಾಶಿ ಬಿದ್ದು ಹರಿದಿತ್ತು. ಪರದೆ ಬೆಳ್ಳಗೆ. ಕೆಳಗೆ ಜನರ ಶಿಳ್ಳೆ.

ಓಡುವ ಯಂತ್ರವನ್ನು ಬಿಟ್ಟುಹೋದವನಿಗೆ ಅಲ್ಲಿ ಮರುದಿನ ಕೆಲಸವಿರುತ್ತಿರಲಿಲ್ಲ. ಮ್ಯಾನೇಜರು ಪೆನ್ನು ಹಿಡಿದುಕೊಂಡೇ ಮೇಲೆ ಬಂದು, "ಎಷ್ಟು ಹೋಯ್ತು?" ಎಂದರು.

"ನಲವತ್ತೆಂಟು ಫ್ರೇಮು ಸಾರ್."

ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು; ಎಂದರೆ ಎರಡು ಸೆಕೆಂಡು. ಯಂತ್ರದ ಪಕ್ಕದಲ್ಲೇ ನಿಂತವನ ಕೈಯಲ್ಲೂ ಆಗುವಂಥ, ಯಾರೂ ಗಮನಿಸದ ನಷ್ಟ. ಮ್ಯಾನೇಜರು ಬರೆದುಕೊಂಡು ಹೋದರು. ನಿಜವಾಗಿ ಹಾಳಾದದ್ದು ಇನ್ನೂರ ಅರವತ್ತನಾಲ್ಕು: ಗಾಡಿ ತಳ್ಳುವ ಆ ಹನ್ನೊಂದು ಸೆಕೆಂಡೂ, ಅಳತೆಗೆ ಹದಿನಾರೂವರೆ ಅಡಿ. ಅದನ್ನು ಕತ್ತರಿಸಿ ಎರಡು ತುದಿ ಅಂಟಿಸಿದರು. ತುಂಡನ್ನು ಸಂಜೆ ಗುಜರಿಯವನು ಒಯ್ದ. ಇನ್ನೂರ ಅರವತ್ತನಾಲ್ಕು ಎಂಬ ಅಂಕಿಯನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಟಿಕೆಟ್ ಹುಡುಗಿ, "ಏನೋ ತೋರಿಸ್ತೀನಿ ಅಂದ್ರಲ್ಲ?" ಎಂದಳು.

"ರೈಲು ಬರೋ ಶಾಟು. ಚೆನ್ನಾಗಿತ್ತು, ಅದಕ್ಕೆ."

ನಾಲ್ಕನೆಯ ದಿನ ಅಣ್ಣ ಆರು ಜನರನ್ನು ಕಟ್ಟಿಕೊಂಡು ಬಂದ. ಪ್ಲಾಟ್‌ಫಾರ್ಮು ಬಂತು, ಹೋಯಿತು. ಅವನು ಬರಲಿಲ್ಲ. ಹೊರಗೆ ಬಂದವನು, "ಕತ್ತರಿಸಿರಬೇಕು ಕಣ್ರೋ," ಎಂದ. ಟಿಕೆಟ್ ಕಿಂಡಿಯೊಳಗಿಂದ ತಂಗಿ, "ಕತ್ತರಿಸೋಕಾದ್ರೂ ಇರಬೇಕಲ್ಲಣ್ಣ!" ಎಂದು ಕೂಗಿದಳು. ಆರೂ ಜನ ಬಿದ್ದು ಬಿದ್ದು ನಕ್ಕರು. ಮೂರನೆಯ ವಾರ, ಚಿತ್ರ ಉದ್ದವಾಯಿತೆಂದು ಕಂಪನಿಯವರೇ ಎಲ್ಲ ಊರುಗಳ ಪ್ರತಿಯಿಂದಲೂ ಹದಿನಾರು ನಿಮಿಷ ತೆಗೆಸಿದರು. ಸ್ಟೇಷನ್ನಿನ ಆ ಭಾಗವೂ ಅದರಲ್ಲಿ ಹೋಯಿತು. ಟಿವಿಗೆ ಬಂದದ್ದೂ ಮೊಬೈಲಿಗೆ ಬಂದದ್ದೂ ಆ ಗಿಡ್ಡ ಪ್ರತಿಯೇ. ಅಣ್ಣ ಮುಂದೆ ಇಪ್ಪತ್ತೇಳು ವರ್ಷ ಸ್ಟಾರ್ ಎಂದು ಕರೆಸಿಕೊಂಡು ಬದುಕಿದ, ಆ ಚಿತ್ರದ ಮಾತನ್ನು ಮತ್ತೆ ಎತ್ತದೆ ತೀರಿಕೊಂಡ.

ಮದುವೆಯಾಗಲಿ ಹೇಳೋಣ, ಮಗಳು ಹುಟ್ಟಲಿ ಹೇಳೋಣ ಎಂದು ಆಪರೇಟರು ದಿನ ತಳ್ಳಿದ್ದರು. ಭಾವ ತೀರಿಕೊಂಡ ಮೇಲೆ ಹೊಸ ತೊಡಕು ಬಂತು. ಈಗ ಹೇಳಿದರೆ, ಸತ್ತವನ ಮರ್ಯಾದೆಗೆ ಗಂಡ ಕಟ್ಟಿದ ಕಥೆ ಎಂದು ಅವಳು ನಂಬದೆ ಹೋಗಬಹುದು. ಸಾಕ್ಷಿ ಗುಜರಿಗೆ ಹೋಗಿತ್ತು.

ಶನಿವಾರ ಮಧ್ಯಾಹ್ನ ಮಗಳು ಮನೆಯಲ್ಲಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ರಜೆಯ ದಿನ ಗೇಮ್ ಆಡುವುದು ಅವಳ ವಿಶ್ರಾಂತಿ. ಡಬ್ಬಿ ನೋಡಿ ಹಣೆ ಚಚ್ಚಿಕೊಂಡಳು.

"ಅಪ್ಪಾ, ಯಾರು ನಿನ್ನ ತಲೆ ಸವರಿದ್ದು? ನನ್ನನ್ನ ಒಂದ್ ಮಾತು ಕೇಳಬಾರದಿತ್ತಾ? ಇಂಥವಕ್ಕೆ ಕಥೇನೂ ಇರಲ್ಲ, ಆಟಾನೂ ಇರಲ್ಲ."

"ಕಥೆ ನಂಗೊತ್ತು. ಆಟ ನೀನು ಹೇಳ್ಕೊಡು."

ಮೊದಲ ಹತ್ತು ನಿಮಿಷ ಆಪರೇಟರು ಕೈಕಟ್ಟಿ ಕೂತರು. ತೆರೆಯ ಮೇಲೆ ಹೀರೋ ಬಾಗಿಲ ಬಳಿ ಸುಮ್ಮನೆ ನಿಂತು ಉಸಿರಾಡುತ್ತಿದ್ದ.

"ಯಾಕೆ ಮುಂದಕ್ಕೆ ಹೋಗ್ತಿಲ್ಲ ಇವನು?"

"ನೀನು ನಡೆಸಬೇಕಪ್ಪಾ ಅವನನ್ನ!"

ಅವರಿಗೆ ಗಲಿಬಿಲಿಯಾಯಿತು. ಬಾಳಿಡೀ ಅವರು ನಡೆಸಿದ್ದು ಯಂತ್ರವನ್ನು. ಹೀರೋ ತಾನಾಗಿ ನಡೆಯುತ್ತಿದ್ದ. ಆದರೂ ಮಗಳು ಕೈಗಿತ್ತ ಪುಟ್ಟ ಪೆಟ್ಟಿಗೆಯ ಗುಂಡಿಗಳನ್ನು ಒಂದೊಂದಾಗಿ ಒತ್ತಿ ಕಲಿತರು. ಕಲಿತ ಮೇಲೂ ಹೀರೋ ಸಾಯತೊಡಗಿದ. ನಾಲ್ಕು ಸಲ ಸತ್ತ ಮೇಲೆ ಮಗಳು ಕಾರಣ ಪತ್ತೆ ಹಚ್ಚಿದಳು. ಶತ್ರು ಹತ್ತಿರ ಬಂದಾಗ ಎಚ್ಚರಿಕೆಗೆಂದು ತೆರೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತಿತ್ತು. ಹಳೆಯ ಫಿಲಂಗಳಲ್ಲಿ ರೀಲು ಮುಗಿಯುವ ಎಂಟು ಸೆಕೆಂಡು ಮುಂಚೆ ಅದೇ ಮೂಲೆಯಲ್ಲಿ ಅಂಥದೇ ಚುಕ್ಕಿ ಬರುತ್ತದೆ. ಆಗ ಆಪರೇಟರು ಪಕ್ಕದ ಎರಡನೆಯ ಯಂತ್ರ ಚಾಲೂ ಮಾಡಬೇಕು. ಚುಕ್ಕಿ ಕಂಡಾಗಲೆಲ್ಲ ಅಪ್ಪ ಗುಂಡಿ ಬಿಟ್ಟು ಎಡಗೈಯನ್ನು ಇಲ್ಲದ ಯಂತ್ರದ ಕಡೆ ಚಾಚುತ್ತಿದ್ದರು. ಆ ಹೊತ್ತಿಗೆ ಹೀರೋ ರೈಲಿನಡಿ.

"ಅಮ್ಮಾ, ಬಂದು ನೋಡಮ್ಮಾ! ಅಪ್ಪ ಹೀರೋನ ಕೊಂದು ರೀಲ್ ಬದಲಾಯಿಸ್ತಿದ್ದಾರೆ!"

ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ರಾಶಿಯ ಸಮೇತ ಬಂದು ಕೂತಳು. ಮಗಳು ಗುಂಡಿಪೆಟ್ಟಿಗೆ ಕಸಿದುಕೊಂಡು, "ಇದರಲ್ಲಿ ಸುಮ್ನೆ ಸುತ್ತಾಡೋಕೂ ಬಿಡ್ತಾರೆ. ಎಲ್ಲಿಗೆ ಹೋಗೋಣ?" ಎಂದಳು.

"ಪ್ಲಾಟ್‌ಫಾರ್ಮಿಗೆ," ಎಂದರು ಆಪರೇಟರು.

ಕಂಬ ಬಂತು. ಗಡಿಯಾರ ಬಂತು. ಕಂಬದ ಹಿಂದಿನಿಂದ ಕೈಗಾಡಿ ತಳ್ಳುತ್ತ ಒಬ್ಬ ಬಂದ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ಬಲಭುಜ ಮೇಲೆದ್ದು ಕೂತಿತು.

ಹೆಂಡತಿಯ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು. "ರೀ, ಅಣ್ಣ!"

ಹತ್ತಿರ ಹೋದರೆ ಮುಖ ಬೇರೆ, ಮೂಗು ಬೇರೆ. ಅಷ್ಟರಲ್ಲಿ ಇನ್ನೊಬ್ಬ ಪೆಟ್ಟಿಗೆ ಹೊತ್ತು ಬಂದ. ನಾಲ್ಕನೆಯ ಹೆಜ್ಜೆಗೆ ಅದೇ ಭುಜ. ಪೇಪರು ಮಾರುವವನಿಗೂ ಅದೇ. ಟಿಕೆಟ್ ನೋಡುವವನಿಗೂ ಅದೇ. ಮಗಳು ಎಣಿಸಿದಳು: ಏಳು ಜನ.

"ಇದೇನೇ ಇದು?" ಎಂದಳು ಹೆಂಡತಿ. "ಎಲ್ಲರೂ ಅಣ್ಣನ ಹಾಗೇ ನಡೀತಾರಲ್ಲ?"

"ಒಬ್ಬೊಬ್ಬರಿಗೂ ಬೇರೆ ನಡಿಗೆ ಮಾಡೋಕೆ ಸೋಮಾರಿತನ ಅಮ್ಮ. ಫಿಲಮ್ಮಲ್ಲಿ ಯಾರೋ ಒಬ್ಬನ ನಡಿಗೆ ತಗೊಂಡು ಎಲ್ಲರಿಗೂ ಅಂಟಿಸಿಬಿಟ್ಟಿದ್ದಾರೆ. ಅದಕ್ಕೇ ಹೇಳಿದ್ದು, ದಂಡ ಅಂತ. ಹತ್ತಕ್ಕೆ ಮೂರು."

"ಅಣ್ಣ ಫಿಲಮ್ಮಲ್ಲಿ ಇರಲೇ ಇಲ್ಲವಲ್ಲ," ಎಂದಳು ಹೆಂಡತಿ, ನಿಧಾನವಾಗಿ. "ಹಾಳಾಗಿದ್ದು ಎರಡೇ ಸೆಕೆಂಡು. ಅಷ್ಟರಲ್ಲಿ ಯಾರು ತಾನೇ ಗಾಡಿ ತಳ್ಳಿಕೊಂಡು ಇಷ್ಟುದ್ದ ಬರೋಕಾಗುತ್ತೆ? ಇದು ಇನ್ಯಾರದೋ ನಡಿಗೆ. ನನ್ನ ಕಣ್ಣಿಗೆ ಹಾಗೆ ಕಂಡಿತು, ಅಷ್ಟೇ. ಇದನ್ನ ವಾಪಸ್ ಕೊಟ್ಟುಬಿಡ್ರೀ. ನೋಡಿದ್ರೆ ಸಂಕಟ ಆಗುತ್ತೆ."

ಆಪರೇಟರು ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಕೈಗಾಡಿಯವನು ಮತ್ತೆ ಕಂಬದ ಹಿಂದಿನಿಂದ ಹೊರಟು ಗಡಿಯಾರದ ಕೆಳಗೆ ಮರೆಯಾದ. ಹನ್ನೊಂದು. ಇನ್ನೊಮ್ಮೆ ನೋಡಿದರು. ಹನ್ನೊಂದು.

"ಇನ್ಯಾರದೂ ಅಲ್ಲ ಕಣೇ, ಅವನದೇ," ಎಂದರು. "ಎರಡು ಸೆಕೆಂಡು ಅಂದದ್ದು ಸುಳ್ಳು. ಪೂರ್ತಿ ಹನ್ನೊಂದು ಹೋಗಿತ್ತು. ಅವತ್ತು ನಿನ್ನನ್ನ ಮೇಲೆ ಕರೆದದ್ದು ರೈಲು ತೋರಿಸೋಕಲ್ಲ, ಅವನನ್ನ ತೋರಿಸೋಕೆ. ನಾನು ಯಂತ್ರ ಬಿಟ್ಟು ಕೆಳಗೆ ಬಂದೆ, ಅದಕ್ಕೇ ಹರೀತು. ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟೆ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

ಮಗಳು ಆಟ ನಿಲ್ಲಿಸಿದಳು. ತೆರೆಯ ಮೇಲೆ ಏಳು ಭುಜಗಳೂ ಇದ್ದಲ್ಲೇ ನಿಂತವು.

ಹೆಂಡತಿ ಟವೆಲನ್ನು ಮಡಿಸಿ ಮುಗಿಸಿದಳು. ಇನ್ನೊಂದು ತೆಗೆದುಕೊಂಡಳು. "ಆರು ಜನರ ಎದುರಿಗೆ ಅಂದೆ ಅವನಿಗೆ," ಎಂದಳು. "ಕತ್ತರಿಸೋಕಾದ್ರೂ ಇರಬೇಕಲ್ಲ ಅಂತ." ಮತ್ತೆ, ಗಂಡನ ಕಡೆ ನೋಡದೆ, "ನೀವು ಕ್ಯಾಬಿನ್ನಲ್ಲಿ ಕೂತು ಕೇಳಿಸ್ಕೊಂಡಿರಿ, ಅಲ್ವಾ?"

"ಹೂಂ."

ಅವಳು ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ನಾಲ್ಕು ದಿನ ಏನು ನಡೆಯುತ್ತಿದೆ ಎಂದು ಆಪರೇಟರಿಗೆ ತಿಳಿಯಲಿಲ್ಲ. ಹೆಂಡತಿ ಅವರೊಡನೆ ಮಾತಾಡುವುದನ್ನು ನಿಲ್ಲಿಸಿದಳು. ಹಾಗೆಂದು ಡಬ್ಬಿಯನ್ನು ವಾಪಸು ಕಳಿಸುವ ಮಾತನ್ನೂ ಎತ್ತಲಿಲ್ಲ. ಸಂಜೆ ಐದಕ್ಕೆ ಗುಂಡಿಪೆಟ್ಟಿಗೆ ಹಿಡಿದು ಕೂರುತ್ತಿದ್ದಳು. ಹೀರೋನನ್ನು ಪ್ಲಾಟ್‌ಫಾರ್ಮಿಗೆ ಕರೆದೊಯ್ದು ಕೈಗಾಡಿಯವನ ಹಿಂದೆಯೇ ನಡೆಸುತ್ತಿದ್ದಳು, ಕಂಬದಿಂದ ಗಡಿಯಾರಕ್ಕೆ, ಮತ್ತೆ ಕಂಬದಿಂದ ಗಡಿಯಾರಕ್ಕೆ. ವಿಲನ್ ಅತ್ತ ರೈಲಿಗೆ ಬಾಂಬಿಟ್ಟು ಕಾಯುತ್ತಿದ್ದ, ಅವನನ್ನು ಕೇಳುವವರಿರಲಿಲ್ಲ. ಬುಧವಾರ ಅವಳು ತಿರುಗದೆಯೇ, "ಇವನ ಹತ್ತಿರ ಮಾತಾಡೋಕೆ ಯಾವ ಗುಂಡಿ ಒತ್ತಬೇಕು?" ಎಂದಳು.

"ಅವನ ಹತ್ತಿರ ಮಾತಾಡೋಕೆ ಗುಂಡಿ ಇಟ್ಟಿಲ್ಲವಂತೆ."

"ಹೂಂ," ಎಂದಳು. ಅದು ಕೋಪವೋ ರಾಜಿಯೋ ಬರೀ ಉತ್ತರವೋ, ಅವರು ರಾತ್ರಿ ಊಟದವರೆಗೂ ಯೋಚಿಸಿದರು.

ಗುರುವಾರ ಏಳನೆಯ ದಿನ. ಹೊರಡುವಾಗ ಆಪರೇಟರು ಖಾಲಿ ಡಬ್ಬಿಗಾಗಿ ಮೇಜಿನ ಮೇಲೆ ಕೈಯಾಡಿಸಿದರು. ಹೆಂಡತಿ ಅದನ್ನು ಕಪಾಟಿನಲ್ಲಿ, ಅಣ್ಣನ ಫೋಟೋದ ಪಕ್ಕ ಇಟ್ಟಿದ್ದಳು. ಅವರು ಅದನ್ನು ಮುಟ್ಟದೆ ಬರಿಗೈಯಲ್ಲಿ ಅಂಗಡಿಗೆ ಹೋದರು.

"ಎಲ್ಲಿ ಅಂಕಲ್, ವಾಪಸ್ ತರಲಿಲ್ವಾ?"

"ಇಲ್ಲಮ್ಮ. ಇಟ್ಕೊಳ್ತೀವಿ ಅಂತ ಹೇಳಿ ಹೋಗೋಣ ಅಂತ ಬಂದೆ."

"ಅಯ್ಯೋ, ಅದನ್ನ ಹೇಳೋಕೆ ಬರೋರೂ ಇದ್ದಾರಾ! ಸಿಕ್ಕಿದ್ನಾ ನಿಮ್ಮ ಕೈಗಾಡಿಯೋನು?"

"ಏಳು ಜನ ಸಿಕ್ಕರು."

ಅವಳಿಗೆ ಅರ್ಥವಾಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಬಿಳಿ ಹಲಗೆಯ ಮುಂದೆ ನಿಂತಳು. "ಸರಿ, ನಿಮ್ಮ ಮಾರ್ಕ್ಸ್ ಹೇಳಿ. ಹತ್ತಕ್ಕೆ ಎಷ್ಟು?"

ಆಪರೇಟರು ಪೆನ್ನನ್ನು ನೋಡಿದರು. ಪೆನ್ನು ಹಿಡಿದು ನಿಂತವರೊಬ್ಬರು ಹಿಂದೆಯೂ ಒಮ್ಮೆ ಅವರನ್ನು ಎಷ್ಟು ಎಂದು ಕೇಳಿದ್ದರು. ಆಟ ಒಳ್ಳೆಯದೋ ಕೆಟ್ಟದ್ದೋ ಅವರಿಗೆ ಇನ್ನೂ ಗೊತ್ತಿರಲಿಲ್ಲ, ಮನೆಯಲ್ಲಿ ತಮ್ಮ ಸ್ಥಿತಿ ಏನೆಂಬುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಲೆಕ್ಕ, ಅಂದು ಮುಚ್ಚಿಟ್ಟದ್ದು. ಅದನ್ನು ಅವರು ಗಟ್ಟಿಯಾಗಿ, ಆ ಕಡೆ ಡಬ್ಬಿ ಆರಿಸುತ್ತಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು:

"ಇನ್ನೂರ ಅರವತ್ತನಾಲ್ಕು."