ಒಂದೇ ಸಲ ಉಂಡು ಬರೆದದ್ದು

ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ಚಮಚದಕ್ಕ ಎಂದೇ ಕರೆಯುತ್ತಿದ್ದರು. ಹೊಗಳುಭಟ್ಟರಿಗೂ ಜನ ಚಮಚ ಅನ್ನುತ್ತಾರೆ, ನಿಜ. ಆದರೆ ಇವಳಿಗೆ ಆ ಹೆಸರು ಬಂದದ್ದು ಕೈಚೀಲದಲ್ಲಿ ಸದಾ ಇರುತ್ತಿದ್ದ ಸ್ವಂತ ಸ್ಟೀಲ್ ಚಮಚದಿಂದ. ಊರಿನ ಹೋಟೆಲುಗಳಲ್ಲಿ ಉಂಡು, ಅಲ್ಲಿಯ ಗುಣದೋಷಗಳನ್ನು ಪ್ರತಿ ಶುಕ್ರವಾರ ಬರೆಯುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಹೊಗಳಿಕೆ ಅವಳ ಪೆನ್ನಿನಿಂದ ಅಷ್ಟು ಸುಲಭಕ್ಕೆ ಉದುರುತ್ತಿರಲಿಲ್ಲ.

ಅವಳದೊಂದು ಪಟ್ಟು. ಮೂರು ಸಲ ಉಣ್ಣದೆ ಯಾವ ಹೋಟೆಲಿನ ಬಗ್ಗೆಯೂ ಒಂದಕ್ಷರ ಬರೆಯುವುದಿಲ್ಲ. ಒಮ್ಮೆ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ, ಒಮ್ಮೆ ಜನವಿಲ್ಲದೆ ಬಣಗುಟ್ಟುವ ಹೊತ್ತಿನಲ್ಲಿ, ಇನ್ನೊಮ್ಮೆ ಗಂಡನನ್ನು ಕರೆದುಕೊಂಡು. ಗಡಿಯಾರ ರಿಪೇರಿ ಮಾಡುವ ಗಂಡ ಎಲ್ಲಿಗೆ ಹೋದರೂ ಮೆನು ಬಿಚ್ಚದೆ "ನಂಗೊಂದು ಆಮ್ಲೆಟ್" ಅನ್ನುವವನು. ಆಮ್ಲೆಟ್ ಕೆಡಿಸುವವನು ಮಿಕ್ಕಿದ್ದನ್ನೇನು ಉದ್ಧಾರ ಮಾಡುತ್ತಾನೆ ಎಂಬುದು ಅವನ ವಾದ. ಅತ್ತೆಗಿದ್ದದ್ದು ಒಂದೇ ಅಸಮಾಧಾನ.

"ಊರವ್ರ ಅಡುಗೆಗೆಲ್ಲ ಮಾರ್ಕ್ಸ್ ಕೊಡ್ತೀಯ. ನನ್ನ ಅಡುಗೆ ಉಂಡು ಇವತ್ತಿನವರೆಗೆ ತುಟಿ ಬಿಚ್ಚಿದೀಯಾ?"

"ಮನೆಯವ್ರದ್ದು ಬರೆದ್ರೆ ಪಕ್ಷಪಾತ ಅಂತಾರೆ ಅತ್ತೆ" ಎಂದು ಅವಳು ಜಾರಿಕೊಳ್ಳುತ್ತಿದ್ದಳು.

ಹೀಗೆ ನಡೆಯುತ್ತಿದ್ದಾಗ ಪತ್ರಿಕೆ ಸುತ್ತಲಿನ ಏಳು ಪಟ್ಟಣಗಳಿಗೂ ಹೋಗತೊಡಗಿತು. ಸಂಪಾದಕ ಅವಳನ್ನು ಕರೆದ.

"ತಿಂಗಳಿಗೆ ನಾಲ್ಕು ಶುಕ್ರವಾರ. ಎರಡು ನಮ್ಮೂರಿಗೆ, ಎರಡು ಹೊರಗಿನವ್ರಿಗೆ. ಅಲ್ಲಿಯವ್ರೂ ನಮ್ಮ ಓದುಗರೇ ಅಲ್ವಾ?"

"ಅಲ್ಲಿಗೆ ಮೂರ್ಮೂರು ಸಲ ಹೋಗೋದು ಹೇಗೆ ಸರ್? ಕೆಲವು ಕಡೆ ಬಸ್ಸಲ್ಲೇ ಆರು ಗಂಟೆ."

"ಮೂರು ಸಲ ಯಾಕಮ್ಮಾ? ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು."

ಒಪ್ಪಿಕೊಂಡು ಎದ್ದು ಬಂದಳು.

ಅಂದಿನಿಂದ ಅವಳ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಊಟ, ಮತ್ತೆ ಬಸ್ಸು. ತೊಡೆಯ ಮೇಲೆ ಪುಸ್ತಕ ಕುಣಿದು ಅಕ್ಷರಗಳೆಲ್ಲ ಸೊಟ್ಟ. ಮನೆಯಲ್ಲೂ ಮುಳ್ಳಿನ ಮೇಲೆ ಕೂತವಳ ಹಾಗೆ ಕೂರುತ್ತಿದ್ದಳು. ಕಾಗದಗಳು ಬಂದವು. ಊರಿನವರು, "ನಮ್ಮ ಬೀದಿಯಲ್ಲಿ ಹೊಸ ಹೋಟೆಲು ಶುರುವಾಗಿ ನಾಲ್ಕು ತಿಂಗಳಾಯಿತು, ನಿಮಗೆ ಕಂಡಿಲ್ಲವೆ? ಆರು ಗಂಟೆ ಬಸ್ಸಿನಲ್ಲಿ ಕೂತು ಹೋಗಿ ಸೂಪು ಕುಡಿಯಲು ನಮಗೇನು ಹುಚ್ಚೆ?" ಎಂದರು. ಹೊರಗಿನವರು, "ನಮ್ಮ ಪಟ್ಟಣದಲ್ಲಿ ನಿಮಗೆ ಒಂದೇ ಹೋಟೆಲು ಸಿಕ್ಕಿತೆ?" ಎಂದರು. ಅತ್ತ ದರಿ, ಇತ್ತ ಪುಲಿ.

ಏಳನೆಯ ತಿಂಗಳು ಅವಳು ನದಿಯಾಚೆಯ ಪಟ್ಟಣವೊಂದಕ್ಕೆ ಹೋದಳು. ದೋಣಿ ನಿಲ್ಲುವ ಕಟ್ಟೆಯ ಪಕ್ಕ ಆರು ಮೇಜಿನ ಹೋಟೆಲು. ಮೀನು ಹೊರಗೆ ಕರಕಲು, ಒಳಗೆ ಹಸಿ. ಸೂಪಿನಲ್ಲಿ ಉಪ್ಪೋ ಉಪ್ಪು. ಬಡಿಸುತ್ತಿದ್ದ ಹೆಂಗಸು ನೀರು ತರುತ್ತೇನೆಂದು ಹೋದವಳು ಬರಲೇ ಇಲ್ಲ. "ಈ ಹೋಟೆಲಿನ ಕಿಟಕಿಯಿಂದ ನದಿ ಬಲು ಚೆಂದ ಕಾಣುತ್ತದೆ. ಅಷ್ಟನ್ನು ಸವಿದು ಎದ್ದು ಬರುವುದು ಕ್ಷೇಮ" ಎಂದು ಬರೆದಳು. ಕಚೇರಿಯಲ್ಲಿ ಆ ಸಾಲನ್ನು ಒಬ್ಬರಿಗೊಬ್ಬರು ಓದಿ ಹೇಳಿ ನಕ್ಕರು. ಅವಳಿಗೂ ಒಳಗೊಳಗೇ ಖುಷಿಯಾಯಿತು.

ಎರಡು ವಾರಕ್ಕೆ ಆ ಊರಿನ ದೋಣಿ ನಡೆಸುವವನೊಬ್ಬನ ಕಾಗದ ಬಂತು.

"ನೀವು ಬಂದದ್ದು ಮಂಗಳವಾರ ಎಂದು ಬರೆದಿದ್ದೀರಿ. ಅವತ್ತು ಬೆಳಿಗ್ಗೆ ಅಡುಗೆಯ ಯಜಮಾನರು ಒಲೆಯ ಮುಂದೆಯೇ ಕುಸಿದು ಆಸ್ಪತ್ರೆ ಸೇರಿದರು. ಮಗಳು ಬಾಗಿಲು ಹಾಕಬಹುದಿತ್ತು. ದೋಣಿಯವರಾದ ನಾವು ಹಸಿದಿರುತ್ತೇವೆಂದು ಒಬ್ಬಳೇ ಬೇಯಿಸಿ ಬಡಿಸಿದಳು. ಮೀನು ಚೆನ್ನಾಗಿರಲಿಲ್ಲ, ನಾನೂ ಉಂಡಿದ್ದೇನೆ. ನೀವು ಬರೆದದ್ದು ಸುಳ್ಳಲ್ಲ. ಆದರೆ ಆ ಒಂದು ದಿನವೇ ಆ ಹೋಟೆಲು ಅಲ್ಲ."

ಬೈದಿದ್ದರೆ ಸಹಿಸಬಹುದಿತ್ತು. ಇದನ್ನು ಸಹಿಸಲಾಗಲಿಲ್ಲ. ರಾತ್ರಿ ಮನೆಯಲ್ಲಿ ತಟ್ಟೆಯ ಮುಂದಿನಿಂದ ಎದ್ದಳು, ಅಂಗಳಕ್ಕೆ ಹೋದಳು, ಬಂದಳು, ಮತ್ತೆ ಹೋದಳು. "ಹೀಗೆ ಶತಪಥ ಹಾಕೋ ಬದಲು ಆ ಊರಿಗೇ ಹೋಗಿ ಬಾರಮ್ಮ. ನಮ್ಮ ನೆಲನಾದ್ರೂ ಉಳಿಯುತ್ತೆ" ಎಂದರು ಅತ್ತೆ.

ಮಾರನೆಯ ದಿನವೇ ಹೊರಟಳು. ಹೋಟೆಲಿನ ಹಿತ್ತಲಲ್ಲಿ ಯಜಮಾನರ ಮಗಳು, ನಲವತ್ತು ದಾಟಿದವಳು, ಮೀನು ಹೆರೆಯುತ್ತಿದ್ದಳು. ವಿಮರ್ಶಕಿ ತನ್ನ ಗುರುತು ಹೇಳಬಾರದು, ಆದರೂ ಚಮಚದಕ್ಕ ಹೇಳಿದಳು.

"ಗೊತ್ತು" ಎಂದಳು ಮಗಳು, ಕತ್ತಿ ನಿಲ್ಲಿಸದೆ. "ಅವತ್ತು ಸ್ವಂತ ಚಮಚ ತೆಗೆದು ಸೂಪು ಕುಡಿದವ್ರು ನೀವೊಬ್ರೇ."

"ಕ್ಷಮಿಸಿ ಅಂತ ಹೇಳೋಕೆ ಬಂದೆ."

"ಅದು ಆಮೇಲೆ. ಮೊದಲು ಊಟ ಮಾಡಿ. ಆದ್ರೆ ಪಾಪ ಅಂತ ಚೆನ್ನಾಗಿ ಬರೀಬೇಡಿ. ನೀವು ಬರೆದಿದ್ದನ್ನ ಅಪ್ಪನ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಿದೀನಿ. ಪಾಪ ಅಂತ ಬರೆದ್ರೆ ಅದನ್ನೂ ಬಚ್ಚಿಡ್ಬೇಕಾಗತ್ತೆ."

ಅವಳು ಎರಡು ದಿನ ಆ ಊರಿನಲ್ಲೇ ಉಳಿದಳು, ಮೂರು ಊಟ ಉಂಡಳು. ಮೀನು ಮೂರು ಸಲವೂ ಹದವಾಗಿತ್ತು. ಮುಟ್ಟಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಬ್ರೆಡ್ಡು ಮಾತ್ರ ಇಟ್ಟಿಗೆ. ಸೂಪಿಗೆ ಇನ್ನೂ ಉಪ್ಪು ಮುಂದು. ಕೊನೆಯ ಊಟದ ಹೊತ್ತಿಗೆ ಯಜಮಾನರೇ ಒಲೆಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತು, ಮಗಳ ಕೈಯಲ್ಲಿದ್ದ ಉಪ್ಪಿನ ಡಬ್ಬಿಯ ಮೇಲೆ ಕಣ್ಣಿಟ್ಟಿದ್ದರು. ಎಲ್ಲವನ್ನೂ ಬರೆದಳು. ಹಿಂದಿನ ಸಲ ಒಂದೇ ಊಟ ಉಂಡು ತೀರ್ಪು ಕೊಟ್ಟದ್ದು ತನ್ನ ತಪ್ಪೆಂದೂ ಬರೆದಳು.

ಸಂಪಾದಕ ಕನ್ನಡಕ ತೆಗೆದಿಟ್ಟ. "ನಮ್ಮ ಪತ್ರಿಕೆ ತಪ್ಪು ಬರೀತು ಅಂತ ನಾವೇ ಡಂಗುರ ಹೊಡೆಯೋದಾ?"

"ಒಂದಗುಳು ಹಿಚುಕಿದ್ರೆ ಪಾತ್ರೆಯಲ್ಲಿರೋ ಅನ್ನ ಗೊತ್ತಾಗತ್ತೆ ಸರ್. ಬೇಯಿಸೋರು ಗೊತ್ತಾಗಲ್ಲ. ಇದನ್ನ ಪತ್ರಿಕೇಲಿ ಹಾಕದಿದ್ರೆ ಹೊರಗಿನ ಊರುಗಳ ಕೆಲಸ ಬೇರೆಯವ್ರಿಗೆ ಕೊಡಿ."

ಅವನು ಕನ್ನಡಕ ಮತ್ತೆ ಏರಿಸಿ ಬರಹವನ್ನು ಮೊದಲಿಂದ ಓದಿದ. ಶುಕ್ರವಾರ ಒಂದು ಪದವನ್ನೂ ಕತ್ತರಿಸದೆ ಹಾಕಿದ. ಜೊತೆಗೆ ಹೊಸ ಕರಾರು: ಮೂರು ವಾರ ಊರಿಗೆ, ಹೊರಗೆ ಒಂದೇ ವಾರ, ಆ ಒಂದು ಕಡೆ ಅವಳು ಎಷ್ಟು ದಿನ ಬೇಕಾದರೂ ಉಳಿಯಲಿ. ಈಗ ಒಂದೊಂದು ಪಟ್ಟಣದ ಸರದಿ ಏಳು ತಿಂಗಳಿಗೊಮ್ಮೆ. ಅಲ್ಲಿಯವರ ಕಾಗದಗಳು ಇನ್ನಷ್ಟು ಖಾರವಾದವು. ನದಿಯೂರಿನ ಮಗಳು ಮಾತ್ರ ಒಂದು ಸಾಲು ಬರೆದಳು: "ಅಪ್ಪ ಓದಿದರು. ಉಪ್ಪಿನ ವಿಷಯದಲ್ಲಿ ನಿಮ್ಮ ಪಕ್ಷ."

ಅದರಿಂದಲೂ ಅವಳ ಚಡಪಡಿಕೆ ಇಳಿಯಲಿಲ್ಲ. ಒಂದೇ ಊಟ ಉಂಡು ಬರೆದ ಹೋಟೆಲುಗಳು ಇನ್ನೂ ಹನ್ನೆರಡು ಇದ್ದವು. ರಜೆ ಸಿಕ್ಕಾಗಲೆಲ್ಲ ಒಂದೊಂದಕ್ಕೇ ಹೋಗತೊಡಗಿದಳು. ಕೆಲವಕ್ಕೆ ಗಂಡನೂ ಬಂದು ಆಮ್ಲೆಟ್ ತಿಂದ. ಹೆಚ್ಚಿನ ಕಡೆ ಅವಳ ಮೊದಲ ಮಾತೇ ಸರಿಯಿತ್ತು. ಮೂರು ಕಡೆ ತಿದ್ದಿ ಬರೆದಳು. ಬೆಟ್ಟದ ತಪ್ಪಲಿನ ಪಟ್ಟಣಕ್ಕೆ ಹೋದಾಗ, ತಾನು ಒಂದೇ ಊಟ ಉಂಡು ಜರಿದಿದ್ದ ಹೋಟೆಲಿನ ಜಾಗದಲ್ಲಿ ಚಪ್ಪಲಿ ಅಂಗಡಿಯಿತ್ತು.

"ಯಾಕೆ ಮುಚ್ಚಿದ್ರು?" ಎಂದು ಪಕ್ಕದ ದರ್ಜಿಯನ್ನು ಕೇಳಿದಳು.

"ಯಾರಿಗೆ ಗೊತ್ತು ತಾಯಿ. ಹೇಳದೆ ಕೇಳದೆ ಹೋದ್ರು."

"ಊಟ ಹೇಗಿರ್ತಿತ್ತು?"

ದರ್ಜಿ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಯೋಚಿಸಿದ. "ಚೆನ್ನಾಗಿರ್ತಿತ್ತು. ಒಂದೊಂದು ದಿನ ಕೆಡ್ತಿತ್ತು."

ಅವಳು ಪುಸ್ತಕ ತೆಗೆದು, ಯಾವ ಶುಕ್ರವಾರಕ್ಕೂ ಬೇಡದ ಆ ಎರಡು ಮಾತುಗಳನ್ನು ನಿಂತಲ್ಲೇ ಬರೆದುಕೊಂಡಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಕೂರಲು ಮನಸ್ಸಾಗದೆ ಆ ಬೀದಿಯ ಉದ್ದಕ್ಕೂ ನಡೆಯತೊಡಗಿದಳು.