ಗೂಡಲ್ಲಿ ಬಿಟ್ಟ ಮೊಟ್ಟೆ

ನಮ್ಮ ಬೀದಿಯ ದರ್ಜಿ ಅಕ್ಕನಿಗೆ ಕಿರಿಯ ಓರಗಿತ್ತಿಯ ಕೋಳಿಗಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಇಬ್ಬರ ಹಿತ್ತಿಲ ನಡುವೆ ಇದ್ದದ್ದು ಒಂದು ಮೋಟು ಗೋಡೆ. ಆಚೆಯ ಗೂಡು ಹಳೇ ತಗಡಿನದು. ಅಕ್ಕನದು ಬಡಗಿಯನ್ನು ಕರೆಸಿ ಮಾಡಿಸಿ, ಹಸಿರು ಬಣ್ಣ ಬಳಿಸಿದ್ದು. ಆದರೂ ಮೊಟ್ಟೆ ಆಚೆಗೇ ಹೆಚ್ಚು.

"ಕಾಳಿಗೆ ಮುಂದು, ಮೊಟ್ಟೆಗೆ ಹಿಂದು, ಸೋಮಾರಿಗಳಾ!" ಎಂದು ಅಕ್ಕ ಕೋಳಿಗಳನ್ನು ಬೈಯುತ್ತಿದ್ದಳು. ಗೂಡಿನಲ್ಲಿ ಒಂದು ಕೂಗು ಕೇಳಿದರೆ ಸಾಕು, ಹೊಲಿಗೆ ಮಿಷನ್ ಬಿಟ್ಟು ಓಡಿ, ಬಿಸಿ ಆರದ ಮೊಟ್ಟೆಯನ್ನು ಎತ್ತಿಕೊಂಡು ಬರುತ್ತಿದ್ದಳು.

ಒಂದು ಬೆಳಿಗ್ಗೆ ಓರಗಿತ್ತಿ ಬುಟ್ಟಿ ತುಂಬ ಮೊಟ್ಟೆ ತಂದಿಟ್ಟಳು.

"ತಗೊಳ್ಳಿ ಅಕ್ಕಾ, ಇವು ನಿಮ್ಮ ಕೋಳಿಗಳದೇ. ಗೋಡೆ ಹಾರಿ ಬಂದು ನಮ್ಮ ಗೂಡಲ್ಲಿ ಇಡ್ತಿರೋದನ್ನ ಕಣ್ಣಾರೆ ಕಂಡೆ. ನೀವು ಒಂದನ್ನೂ ಬಿಡದೆ ಬಾಚಿಕೊಂಡ್ರೆ, ಅವು ಆ ಗೂಡನ್ನ ಹೇಗೆ ನಂಬ್ತವೆ? ನಾನು ಯಾವಾಗ್ಲೂ ಒಂದು ಮೊಟ್ಟೆ ಬಿಟ್ಟಿರ್ತೀನಿ."

ಬುದ್ಧಿ ಹೇಳಿಸಿಕೊಂಡಿದ್ದಕ್ಕೆ ಅಕ್ಕನಿಗೆ ಇನ್ನಷ್ಟು ಉರಿಯಿತು. ಆದರೂ ತನ್ನ ಗೂಡಿನಲ್ಲಿ ಒಂದು ಮೊಟ್ಟೆ ಬಿಡತೊಡಗಿದಳು. ಅವಳ ಕೋಳಿಗಳು ಮರಳಿದವು. ಅವುಗಳ ಹಿಂದೆಯೇ ಓರಗಿತ್ತಿಯ ಕೆಂಪು ಹೇಂಟೆಯೂ ಗೋಡೆ ಹಾರಿ ಬಂದು ಅಲ್ಲೇ ಮೊಟ್ಟೆ ಇಡತೊಡಗಿತು.

ಅದರ ಮೊಟ್ಟೆಗಳನ್ನು ಅಕ್ಕ ಓರಗಿತ್ತಿ ತಂದ ಬುಟ್ಟಿಯಲ್ಲೇ ಕೂಡಿಡುತ್ತಾಳೆ. ಬುಟ್ಟಿಯನ್ನೂ ಇನ್ನೂ ವಾಪಸು ಕೊಟ್ಟಿಲ್ಲ.