ಡ್ರಾಯಿಂಗ್ ಹಾಲಿನ ಪಾಠ

ಆ ಸೋಮವಾರ ಬೆಳಿಗ್ಗೆ ವಾಸಂತಿ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಪಾಠಕ್ಕೆ ಹೊರಟಳು.

ಹಾಸನದ ಹೆಣ್ಣುಮಗಳು. ವಿಮಾ ಕಂಪನಿಯಲ್ಲಿದ್ದ ಗಂಡನಿಗೆ ಚೆನ್ನೈಗೆ ವರ್ಗವಾದಾಗ ಜೊತೆಗೆ ಬಂದು, ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ತಾತ್ಕಾಲಿಕ ಕೆಲಸ ಹಿಡಿದಿದ್ದಳು. ನೆಲಕ್ಕೆ ಬೋಲ್ಟು ಬಿಗಿದ ಬೆಂಚುಗಳ ಹಾಲಿನಲ್ಲಿ ಹಿಂದಿನ ಮೂರು ಸಾಲು ತೂಕಡಿಸುವುದನ್ನು ಎರಡು ವರ್ಷ ನೋಡಿ ಸಾಕಾಗಿತ್ತು. ೨೦೦೩ರಲ್ಲಿ, ಧೂಳು ಹಿಡಿದು ಬಿದ್ದಿದ್ದ ಡ್ರಾಯಿಂಗ್ ಹಾಲನ್ನು ಕಾಡಿ ಬೇಡಿ ಪಡೆದಳು. ಅಟೆಂಡರ್ ತಿರುಮಲೇಶನ ಜೊತೆ ಸೇರಿ ಹಗುರ ಮೇಜುಗಳನ್ನು ತಂದಿಟ್ಟಳು. ಒಂದು ದಿನ ಐದೈದು ಜನರ ಗುಂಪು, ಇನ್ನೊಂದು ದಿನ ದೊಡ್ಡ ವೃತ್ತ. ಪಾಠಕ್ಕೆ ತಕ್ಕಂತೆ ಮೇಜುಗಳು ಸರಿಯುತ್ತಿದ್ದವು. ನಾಲ್ಕೂ ಗೋಡೆಗೆ ಬೋರ್ಡು.

ಗದ್ದಲವೆಂದು ಪಕ್ಕದ ತರಗತಿಯವರು ದಿನವೂ ದೂರು ಒಯ್ದರು. ವಿಭಾಗದ ಮುಖ್ಯಸ್ಥ ಸತ್ಯನಾರಾಯಣ ಅವಳನ್ನು ಕರೆಸಿದರು.

"ಸೋಮವಾರ ನಾನೇ ಬಂದು ಕೂತ್ಕೋತೀನಿ. ಸರಿ ಕಾಣ್ದಿದ್ರೆ ಮಾರನೇ ದಿನದಿಂದ ಹಳೇ ಹಾಲು. ನಿಮ್ಮ ಮುಂದಿನ ವರ್ಷದ ನೇಮಕದ ಆರ್ಡರೂ ಆಗ ನೋಡೋಣ."

ಈಗ ತಿರುಮಲೇಶ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಮೂರು ತಲೆಮಾರಿನಿಂದ ಚೆನ್ನೈಯಲ್ಲೇ ಇದ್ದ ಕನ್ನಡ ಮನೆತನ ಅವನದು; ಮಾತಿನಲ್ಲಿ ತಮಿಳು ಬೆರೆಯುತ್ತಿತ್ತು. "ಮೇಡಂ, ಪೆರಿಯವರು, ದೊಡ್ಡ ಸಾಹೇಬ್ರು, ಮೆಟ್ಲು ಹತ್ತಿ ಬರ್ತಾವ್ರೆ. ಮೇಜು ಸಾಲಾಗಿ ಇಟ್ಬಿಡ್ಲಾ? ಅಂಜು ನಿಮಿಷ ಪೋದುಂ, ಐದೇ ನಿಮಿಷ ಸಾಕು."

"ಬೇಡ. ಇದ್ದ ಹಾಗೇ ಇರ್ಲಿ," ಎಂದಳು.

ಸತ್ಯನಾರಾಯಣ ಹಿಂದಿನ ಸಾಲು ಹುಡುಕಿದರು, ಇರಲಿಲ್ಲ. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡರು. ಅಂದಿನ ಲೆಕ್ಕ ಐದು ದೋಣಿಗಳ ಮೀನಿನದು: ನಲವತ್ತು ಕಿಲೋ, ನಲವತ್ತೈದು, ಐವತ್ತು, ಐವತ್ತೈದು, ಒಂಬೈನೂರ ಹತ್ತು. ಸಾಮಾನ್ಯ ದೋಣಿಯೊಂದು ಎಷ್ಟು ಹಿಡಿಯುತ್ತದೆಂದು ಒಂದೇ ಸಂಖ್ಯೆಯಲ್ಲಿ ಹೇಳಬೇಕು. ಗುಂಪುಗಳು ಜಗಳವಾಡುತ್ತ ಬರೆಯತೊಡಗಿದವು. ಸತ್ಯನಾರಾಯಣ ಥಟ್ಟನೆ ಎದ್ದು, ಬೋರ್ಡಿನ ಬಳಿಯಿದ್ದ ಮರಿಯಪುಷ್ಪಂ ಎಂಬ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದರು: "ಸರಾಸರಿ ಇನ್ನೂರ ಇಪ್ಪತ್ತು ತಾನೇ? ಇದರಲ್ಲಿ ವಾದ ಮಾಡೋಕೆ ಏನಿದೆ?"

ಚೆನ್ನೈನ ಮೀನುಬಂದರು ಕಾಸಿಮೇಡಿನ ಬೆಸ್ತರ ಮಗಳು ಅವಳು. ಹಳೇ ಹಾಲಿನಲ್ಲಿ ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಸೀಮೆಸುಣ್ಣ ಕೆಳಗಿಟ್ಟು ವಾಸಂತಿಯ ಕಡೆ ನೋಡಿದಳು. ಉತ್ತರ ವಾಸಂತಿಯ ನಾಲಿಗೆ ತುದಿಗೆ ಬಂತು. ಆದರೂ ಅದನ್ನು ಹುಡುಗಿಗೇ ಬಿಟ್ಟಳು.

ಹುಡುಗಿ ತಮಿಳಿನಲ್ಲಿ ಶುರುಮಾಡಿದಳು. ಇನ್ನೂರ ಇಪ್ಪತ್ತು ಕಿಲೋ ಹಿಡಿದ ದೋಣಿ ಇಲ್ಲಿ ಒಂದೂ ಇಲ್ಲ ಸಾರ್, ಎಂದಳು. ಒಂದು ದೊಡ್ಡ ದೋಣಿ ಲೆಕ್ಕವನ್ನೆಲ್ಲ ಮೇಲಕ್ಕೆಳೆದಿದೆ. ನಡುವಿನ ಐವತ್ತನ್ನೇ ಹಿಡಿಯಬೇಕು. "ಇನ್ನೂರ ಇಪ್ಪತ್ತು ಅಂತ ಸರ್ಕಾರ ಬರ್ಕೊಂಡ್ರೆ ನಮ್ಮಪ್ಪನ ಕಷ್ಟ ಯಾರಿಗೂ ಕಾಣಲ್ಲ."

ಸತ್ಯನಾರಾಯಣ ಬೋರ್ಡಿನ ಮೇಲಿನ ಐದು ಸಂಖ್ಯೆಗಳನ್ನು ಮತ್ತೊಮ್ಮೆ ಓದಿದರು. ಆಮೇಲೆ, "ಬಾಗಿಲು ಹಾಕ್ಕೊಂಡು ಪಾಠ ಮಾಡಿ. ಪಕ್ಕದೋರಿಗೆ ತೊಂದರೆ ಆಗ್ಬಾರ್ದು," ಎಂದಷ್ಟೇ ಹೇಳಿ ಹೊರಟುಹೋದರು.

ಅದು ಒಪ್ಪಿಗೆಯೋ ಎಚ್ಚರಿಕೆಯೋ ತಿಳಿಯದೆ ವಾಸಂತಿ ಮೂರು ವಾರ ತಳಮಳದಲ್ಲೇ ಕಳೆದಳು. ನಾಲ್ಕನೆಯ ವಾರ ಆರ್ಡರ್ ಬಂತು, ಒಂದು ವರ್ಷಕ್ಕೆ. ಡ್ರಾಯಿಂಗ್ ಹಾಲಿನಲ್ಲೇ ಅವಳು ಮುಂದೆ ಒಂಬತ್ತು ವರ್ಷ ಕಲಿಸಿದಳು.